ಹಳೆ ಕಪಾಟಿಗೆ ಹೊಸ ಬಣ್ಣ

ಹೊನ್ನಾವರ, ಕುಮಟಾ, ಭಟ್ಕಳ ಕಡೆಯ ಹಳೆಯ ಮನೆಗಳಲ್ಲಿ ಅಡಿಗೆಮನೆಗೊಂದು ಮರದ ಕಪಾಟು ಇದ್ದೇ ಇರುತ್ತಿತ್ತು. ಮೇಲಿನ ಬಾಗಿಲಿಗೆ ಗಾಳಿಯಾಡಲು ತಂತಿಯ ಜಾಳಿಗೆ, ಕೆಳಗಿನ ಬಾಗಿಲಿಗೆ ಹಲಗೆ. ಇರುವೆ ಹತ್ತದಂತೆ ನಾಲ್ಕು ಕಾಲುಗಳಡಿ ನಾಲ್ಕು ನೀರಿನ ಬಟ್ಟಲು. ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಜೋನಿಬೆಲ್ಲದ ತಂಬಿಗೆ, ಹಲಸಿನ ಹಪ್ಪಳದ ಡಬ್ಬಿ. ಮಕ್ಕಳ ಕೈಗೆ ಎಟುಕಬಾರದ್ದೆಲ್ಲ ಮೇಲಿನ ಅಂತಸ್ತಿನಲ್ಲಿ.

ನಮ್ಮ ಮನೆಯ ಕಪಾಟು ಹಲಸಿನ ಮರದ್ದು. ನನ್ನ ಅಜ್ಜ ಹಿತ್ತಲಿನ ಮರ ಕಡಿಸಿ, ಊರಿನ ಆಚಾರಿಯಿಂದ ಮಾಡಿಸಿದ್ದು. ಹಲಸು ಕೊಯ್ದ ಹೊಸತರಲ್ಲಿ ಅರಿಸಿನದಂತೆ ಹಳದಿ. ವರ್ಷ ಕಳೆದಂತೆ ಕಂದಾಗುತ್ತದೆ. ಆ ಹಳದಿ ಎಂಥ ಗಟ್ಟಿ ಬಣ್ಣವೆಂದರೆ, ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಚಕ್ಕೆ ಕುದಿಸಿ ಬಣ್ಣ ಕೊಡುತ್ತಿದ್ದರು. ನಮ್ಮ ಕಪಾಟಿನ ಹಳದಿಯನ್ನು ಮಾತ್ರ ನಾನು ಚಿಕ್ಕವನಿದ್ದಾಗ ನೋಡಿದ್ದೇ. 1978ರಲ್ಲಿ ಅಪ್ಪ ಅದಕ್ಕೆ ಹಸಿರು ಎನಾಮೆಲ್ ಬಳಿಸಿದರು.

ಕಳೆದ ವರ್ಷ ಆ ಹಸಿರು ಚಕ್ಕೆ ಚಕ್ಕೆಯಾಗಿ ಉದುರಲು ಶುರುವಾಯಿತು. ಎರಡು ವರ್ಷದ ಮೊಮ್ಮಗ ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವವನು. ಒಂದು ದಿನ ಸೊಸೆ ಅವನ ಬಾಯಿಂದ ಹಸಿರು ಚೂರು ತೆಗೆದಳು. ಅಂದೇ ಮಗ ಹೇಳಿದ: “ಅಪ್ಪಾ, ಇದನ್ನ ತೆಗೆದು ಹಾಕುವ. ಹೊಸ ಪ್ಲೈವುಡ್ಡಿನದು ಮಾಡಿಸುವ.” ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಭರಣಿಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಅದೇ ಜಾಗದಲ್ಲಿಟ್ಟಳು. ಐವತ್ತು ವರ್ಷ ಅವಳ ಕೈ ಓಡಾಡಿದ ಕಪಾಟು ಅದು. ದೀಪ ಇಲ್ಲದಿದ್ದರೂ ಸಾಸಿವೆ ಎಲ್ಲಿ, ಮೆಂತೆ ಎಲ್ಲಿ ಎಂದು ಅವಳ ಬೆರಳಿಗೆ ಗೊತ್ತು.

ಬ್ಯಾಂಕಿನಲ್ಲಿ ಕುರ್ಚಿ, ಮೇಜು, ಬೀರುಗಳಿಗೆ ವರ್ಷ ವರ್ಷ ಸವಕಳಿ ಕಳೆಯುತ್ತೇವೆ. ಕೊನೆಗೆ ಪುಸ್ತಕದಲ್ಲಿ ಅದರ ಬೆಲೆ ಒಂದು ರೂಪಾಯಿ ಎಂದು ಉಳಿಸುವುದುಂಟು. ಬೆಲೆ ತೀರಿತು, ವಸ್ತು ಮಾತ್ರ ಇದೆ ಎಂಬುದಕ್ಕೆ ಆ ಒಂದು ರೂಪಾಯಿ ಸಾಕ್ಷಿ. ನಮ್ಮ ಕಪಾಟೂ ಹಾಗೆಯೇ. ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದೆ. ಒರಲೆ ಹಿಡಿದಿರಲಿಲ್ಲ. ಕೆಟ್ಟದ್ದು ಮೇಲಿನ ಬಣ್ಣ ಮಾತ್ರ. “ಶಿವರಾತ್ರಿಯವರೆಗೆ ಸಮಯ ಕೊಡಿ” ಎಂದೆ. ಮಗ ಒಪ್ಪಿದ. ಸೊಸೆ ಒಂದು ಷರತ್ತು ಹಾಕಿದಳು: “ಮಾವ, ಪಾಪು ಇರುವ ಕಡೆ ಒಂದು ಚೂರೂ ಧೂಳು ಬರಬಾರದು.”

ಅವಳ ಹೆದರಿಕೆಗೆ ಕಾರಣ ಇದೆ. ಹಿಂದಿನ ಕಾಲದ ಎನಾಮೆಲ್ ಬಣ್ಣಗಳಲ್ಲಿ ಸೀಸ ಬೆರೆಸುತ್ತಿದ್ದರು. ಸೀಸ ಸೇರಿದರೆ ಬಣ್ಣ ಬೇಗ ಒಣಗುತ್ತದೆ, ಹೊಳೆಯುತ್ತದೆ. ಆದರೆ ಅದು ದೇಹ ಸೇರಿದರೆ ಎಳೆಯ ಮಕ್ಕಳ ಮೆದುಳಿಗೆ ಪೆಟ್ಟು. ಇಷ್ಟು ಸೀಸ ಸೇರಿದರೆ ತೊಂದರೆ ಇಲ್ಲ ಎನ್ನುವ ಅಳತೆಯೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. 1978ರ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಬೇಕು.

ಆದ್ದರಿಂದ ಮಗುವನ್ನು ಕರೆದುಕೊಂಡು ಸೊಸೆ ಒಂದು ವಾರ ಕುಮಟಾದ ತವರಿಗೆ ಹೋದಳು. ಆರನೇ ಇಯತ್ತೆಯ ಮೊಮ್ಮಗಳು ಹೋಗುವ ಮೊದಲು ಒಂದು ಕೆಲಸ ಮಾಡಿಕೊಟ್ಟಳು. ಬಾಗಿಲು, ಬಿಜಾಗರಿ, ಹಿಡಿ, ಪ್ರತಿಯೊಂದಕ್ಕೂ ನಂಬರು ಬರೆದು ಚೀಟಿ ಅಂಟಿಸಿದಳು. ಒಂದನೇ ಬಾಗಿಲಿನ ತಿರುಪುಗಳು ಒಂದನೇ ಡಬ್ಬಿಯಲ್ಲಿ. ಬಿಚ್ಚುವುದು ಎಲ್ಲರಿಗೂ ಸುಲಭ, ಮತ್ತೆ ಜೋಡಿಸುವಾಗಲೇ ಚೀಟಿಯ ಬೆಲೆ ಗೊತ್ತಾಗುವುದು.

ಅಂಗಳದಲ್ಲಿ ಪ್ಲಾಸ್ಟಿಕ್ ಹಾಸಿ, ಮಗ ಮತ್ತು ನಾನು ಒಳ್ಳೆಯ ಮಾಸ್ಕ್ ಹಾಕಿಕೊಂಡು ಕೂತೆವು. ಮೊದಲು ಜಿಡ್ಡು ತೆಗೆಯಬೇಕು. ಒಗ್ಗರಣೆಯ ಹೊಗೆ ಕೂತ ಮರದ ಮೇಲೆ ಯಾವ ಬಣ್ಣವೂ ಹಿಡಿಯದು. ನನ್ನ ಹೆಂಡತಿ ಅಂಟುವಾಳದ ಕಾಯಿ ನೆನೆಸಿ ಕಿವುಚಿದ ನೀರು ಕೊಟ್ಟಳು. ಅಜ್ಜಿಯರು ಬೆಳ್ಳಿ, ರೇಷ್ಮೆ ತೊಳೆಯುತ್ತಿದ್ದದ್ದೂ ಅದರಲ್ಲೇ. ಆಮೇಲೆ ನೀರು ಹಚ್ಚುತ್ತ ವಾಟರ್ ಪೇಪರಿನಿಂದ ಉಜ್ಜಿದೆವು. ಒದ್ದೆ ಇದ್ದರೆ ಧೂಳು ಹಾರುವುದಿಲ್ಲ. ಉಜ್ಜಿದ ಕೆಸರನ್ನು ಹಳೆ ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಕಟ್ಟಿಟ್ಟೆವು. ತೆಂಗಿನ ಬುಡಕ್ಕೆ ಸುರಿಯಲಿಲ್ಲ. ಹಸಿರು ಹೋದ ಜಾಗದಲ್ಲಿ ಹಲಸು ಕಾಣಿಸಿತು, ಜೇನಿನ ಬಣ್ಣ.

ಪೂರ್ತಿ ಒಣಗಿದ ಮೇಲೆ ಪ್ರೈಮರ್ ಒಂದು ಕೈ, ಸೀಸವಿಲ್ಲದ ಕೆನೆ ಬಣ್ಣದ ಎನಾಮೆಲ್ ತೆಳ್ಳಗೆ ಎರಡು ಕೈ. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಒಳಗಡೆ, ಭರಣಿ ಇಡುವ ಕಡೆ, ಬಣ್ಣವೇ ಬೇಡ ಎಂದು ಬಿಟ್ಟೆವು.

ನಂತರದ್ದೇ ಸೊಗಸಿನ ಕೆಲಸ, ಗ್ಲೇಜ್ ಹಚ್ಚುವುದು. ಅಗಸೆ ಎಣ್ಣೆಗೆ ಟರ್ಪೆಂಟೈನ್ ಸೇರಿಸಿ, ಚಿತ್ರಕಾರರು ಬಳಸುವ ಕಂದು ತೈಲವರ್ಣ ಚೂರೇ ಚೂರು ಕಲಸಿದರೆ ಹುಣಸೆ ನೀರಿನಂಥ ತೆಳು ಬಣ್ಣ ಆಗುತ್ತದೆ. ಎನಾಮೆಲ್ ಚೆನ್ನಾಗಿ ಗಟ್ಟಿಯಾದ ಮೇಲೆ ಅದನ್ನು ಬ್ರಶ್‌ನಿಂದ ಬಳಿದು, ಕೂಡಲೇ ಬಟ್ಟೆಯಿಂದ ಒರೆಸಿಬಿಡಬೇಕು. ಸಮತಟ್ಟಾದ ಕಡೆ ಹೋಗುತ್ತದೆ, ಕೆತ್ತನೆಯ ಗೆರೆಯಲ್ಲಿ ಉಳಿಯುತ್ತದೆ. ಆಚಾರಿ ಬಾಗಿಲಿನ ಅಂಚಿಗೆ ಕೊರೆದ ಬಳ್ಳಿ ಹಸಿರು ಬಣ್ಣದಡಿ ಮುಚ್ಚಿಹೋಗಿತ್ತು. ಈಗ ಎಲೆ ಎಲೆಯಾಗಿ ಎದ್ದುಬಂತು. ನಮ್ಮ ಸೀಮೆಯ ಗುಡಿಗಾರರ ಹಳೆಯ ಕೆತ್ತನೆ ನೋಡಿದವರಿಗೆ ಈ ನೆರಳಿನ ಚಂದ ಗೊತ್ತು. ಅಲ್ಲಿ ಕಾಲವೇ ಮಾಡಿದ ಕೆಲಸ ಇಲ್ಲಿ ಬಟ್ಟೆ ಮಾಡುತ್ತದೆ. ಗ್ಲೇಜ್ ಒಣಗಲು ಕೆಲವು ದಿನ ಬಿಟ್ಟು, ಮೇಲೊಂದು ಕೈ ವಾರ್ನಿಶ್.

ಮಕ್ಕಳೇ, ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗೆ ಬಿಸಿ ಸಿಕ್ಕಿಕೊಂಡು ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಹೊರಗೆ ಬಿಡಿಸಿ ಒಣಹಾಕಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಈ ಕೆಲಸಕ್ಕೆ ಮಳೆಗಾಲ ಆಗದು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಮರ ನೀರು ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಒಣಗಿದ ಕಾಲದಲ್ಲಿ ಬಾಗಿಲು ಬಿಗಿಯಾಗಿ ಕೂತರೆ ಆಷಾಢದಲ್ಲಿ ತೆರೆಯಲು ಬಾರದು. ಮೇಲೆ ಬಣ್ಣದ ದಪ್ಪವೂ ಸೇರುತ್ತದೆ. ಅದಕ್ಕೇ ಬಾಗಿಲಿನ ಅಂಚಿನಲ್ಲಿ ರಟ್ಟಿನ ಚೂರು ಸಲೀಸಾಗಿ ಓಡಾಡುವಷ್ಟು ಜಾಗ ಬಿಟ್ಟೆವು.

ಒಟ್ಟು ಖರ್ಚು 2,340 ರೂಪಾಯಿ. ಲೆಕ್ಕ ಬರೆದಿಟ್ಟಿದ್ದೇನೆ. ಸೊಸೆ ಬಂದವಳು ಮೊದಲು ನೆಲ ಮುಟ್ಟಿ ನೋಡಿದಳು, ಆಮೇಲೆ ಬಾಗಿಲು. “ಇರಲಿ ಮಾವ, ಇದೇ ಇರಲಿ” ಎಂದಳು. ಮೊಮ್ಮಗಳು ಚೀಟಿ ನೋಡಿ ನೋಡಿ ತಿರುಪು ಕೊಟ್ಟಳು. ನನ್ನ ಹೆಂಡತಿ ಭರಣಿಗಳನ್ನು ಹಳೆಯ ಜಾಗದಲ್ಲೇ ಜೋಡಿಸಿದಳು, ಸಾಸಿವೆ ಎಡಕ್ಕೆ, ಮೆಂತೆ ಬಲಕ್ಕೆ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಎರಡು ದಿನ ಕರೆಂಟು ಹೋಗಿತ್ತು. ಕತ್ತಲಲ್ಲೇ ಕಪಾಟಿನ ಬಾಗಿಲು ತೆರೆದ ಸದ್ದು, ಹಿಂದೆಯೇ ಸಾಸಿವೆ ಚಟಪಟ ಎಂದದ್ದು ಜಗಲಿಗೆ ಕೇಳಿಸಿತು.