ಕೋಟೆಯೂರಿನ ಶಿಲುಬೆ

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿದೆ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಆ ಶಾಸನ ಬಿತ್ತು. ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬ ಮಾತು ಅದರಿಂದ ಗಟ್ಟಿಯಾಯಿತು. ಶಾಸನ ನೋಡಿದವರು ಸಾಮಾನ್ಯವಾಗಿ ಹಂಪಿಗೋ ರಾಯಚೂರಿಗೋ ಹೊರಳುತ್ತಾರೆ. ನಾನು ಲಿಂಗಸುಗೂರಿನ ದಾರಿ ಹಿಡಿದು ಮುದಗಲ್ಲಿಗೆ ಹೊರಟೆ. ಸಿಂಧನೂರು ಸೀಮೆಯ ಕಾಲುವೆ ನೀರು, ಭತ್ತದ ಹಸಿರು ಹಿಂದೆ ಉಳಿದವು. ಎದುರಿಗೆ ಎರೆಹೊಲ, ಜೋಳ, ತೊಗರಿ, ನಡುನಡುವೆ ಯಾರೋ ಪೇರಿಸಿಟ್ಟಂತಿರುವ ಗುಂಡುಗಲ್ಲಿನ ಗುಡ್ಡಗಳು.

ಮುದಗಲ್ಲಿನಲ್ಲಿ ಮೊದಲು ಕಣ್ಣು ತುಂಬುವುದು ಕೋಟೆ. ಸುತ್ತ ಕಂದಕ, ಕೆಲವು ಕಡೆ ಅದರ ಅಗಲ ನೂರೈವತ್ತು ಅಡಿ. ಕಂದಕ ದಾಟಿದರೆ ಸಾಲು ಬುರುಜು, ಅದರ ಹಿಂದೆ ಇಕ್ಕಟ್ಟಾದ ಹಾದಿ, ಮತ್ತೆ ಇನ್ನೂ ದಪ್ಪನೆಯ ಬುರುಜುಗಳು. ಉತ್ತರಕ್ಕೆ ಮುಖ ಮಾಡಿದ ಫತೇ ದರ್ವಾಜಾದಲ್ಲಿ ನುಗ್ಗಿ ಬಂದ ಶತ್ರು ನೇರವಾಗಿ ಊರೊಳಗೆ ಹೋಗುವ ಹಾಗಿಲ್ಲ. ಮೂರು ಕಡೆಯೂ ಕಾವಲು ಕೋಣೆಗಳಿರುವ ಅಂಗಳದಲ್ಲಿ ಸಿಕ್ಕಿಬೀಳಬೇಕು. ಬುರುಜಿನ ಮೇಲಿನ ಫಿರಂಗಿಯನ್ನು ಹತ್ತಿರದಿಂದ ನೋಡಬೇಕು. ಅದು ಎರಕ ಹೊಯ್ದದ್ದಲ್ಲ. ಉಕ್ಕಿನ ಉದ್ದುದ್ದ ಪಟ್ಟಿಗಳನ್ನು ಕೂಡಿಸಿ, ಬಂಡಿಯ ಗಾಲಿಗೆ ಕಮ್ಮಾರ ಹಳಿ ತೊಡಿಸುವ ಹಾಗೆ, ಹೊರಗಿನಿಂದ ಬಳೆ ಹಾಕಿ ಬಿಗಿದಿದ್ದಾರೆ. ಇಲ್ಲಿಯ ಫಿರಂಗಿಗಳ ಮೇಲೆ ಕನ್ನಡ ಅಕ್ಷರಗಳೂ ಇವೆ!

ಗೋಡೆಯಂತೂ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಕೆಳಗಿನ ಕಲ್ಲುವರಸೆ ಹಿಂದೂ ಶೈಲಿಯದು, ಮೇಲಿನ ಕಮಾನು ಆಕಾರದ ತೆನೆಗಳು ಮುಸ್ಲಿಂ ಶೈಲಿಯವು. ದ್ವಾರದ ಬಳಿ ಗೋಡೆಯಲ್ಲಿ ಆನೆಯ ಉಬ್ಬುಶಿಲ್ಪ, ಪಡುವಣ ಬಾಗಿಲ ಪಕ್ಕದಲ್ಲೇ ಮಸೀದಿ. ಸೇವುಣರು, ಕಾಕತೀಯರು, ಬಹಮನಿಗಳು, ವಿಜಯನಗರದವರು, ಆದಿಲ್ ಶಾಹಿಗಳು, ಎಲ್ಲರೂ ಈ ಊರಿಗಾಗಿ ಹಂಬಲಿಸಿದವರೇ. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳಿಗಾಗಿ ಮೊದಲನೆಯ ದೇವರಾಯನಿಗೂ ಫಿರೋಜ್ ಶಾ ಬಹಮನಿಗೂ 1406ರ ಹೊತ್ತಿಗೆ ಯುದ್ಧವೇ ನಡೆಯಿತೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ.

ಇಂಥ ರಣರಂಗದ ಊರಿನಲ್ಲಿ ರೋಮನ್ ಕ್ಯಾಥೊಲಿಕ್ ಚರ್ಚ್ ಒಂದಿದೆ. ಜೆಸುಯಿಟ್ ಪಾದ್ರಿಗಳು ಕಟ್ಟಿಸಿದ ಈ ಚರ್ಚಿಗೆ ಗೆಜೆಟಿಯರ್ ಕೊಡುವ ಕಾಲ 1557. ನನ್ನನ್ನು ಬೆರಗುಗೊಳಿಸಿದ್ದು ಆ ಇಸವಿ. ರಕ್ಕಸ–ತಂಗಡಗಿಯಲ್ಲಿ ವಿಜಯನಗರ ಸೋಲಲು ಇನ್ನೂ ಎಂಟು ವರ್ಷ ಇತ್ತು. ಗೋವೆಯ ಬೋಮ್ ಜೀಸಸ್ ಬೆಸಿಲಿಕಾದ ಕೆಲಸ ಶುರುವಾದದ್ದು 1594ರಲ್ಲಿ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ, ಅವರು ಮದರಾಸಿನ ಕೋಟೆಯೊಳಗೆ ಸೇಂಟ್ ಮೇರಿ ಚರ್ಚ್ ಕಟ್ಟಿ ಮುಗಿಸಿದ್ದು 1680ರಲ್ಲಿ. ಅಷ್ಟು ಹೊತ್ತಿಗೆ ಕಡಲಿನಿಂದ ಇಷ್ಟು ದೂರದ ಈ ಎರೆನಾಡಿನ ಚರ್ಚಿಗೆ ನೂರು ವರ್ಷ ದಾಟಿತ್ತು.

ಇಂಗ್ಲೆಂಡಿನ ಹಳ್ಳಿ ಚರ್ಚುಗಳನ್ನು ನೋಡಲು ನಮ್ಮವರು ಕ್ಯಾಮೆರಾ ಹಿಡಿದು ಹೋಗುತ್ತಾರೆ. ನೋಡುವಂಥವೇ ಅವು. ನಾರ್ಮನ್ನರ ಅರ್ಧವೃತ್ತದ ಕಮಾನು, ಅದರ ಪಕ್ಕದಲ್ಲಿ ನಂತರದ ಗೋಥಿಕ್ ಚೂಪು ಕಮಾನು: ಒಂದೇ ಗೋಡೆಯಲ್ಲಿ ನಾಲ್ಕಾರು ಶತಮಾನ ಓದಬಹುದು. ಅಲ್ಲಿ ಒಂದು ಕಟ್ಟಡ ಹೊತ್ತಿರುವ ಚರಿತ್ರೆಯನ್ನು ಇಲ್ಲಿ ಕೋಟೆ, ಮಸೀದಿ, ಚರ್ಚುಗಳು ಹಂಚಿಕೊಂಡಿವೆ. ಇನ್ನೊಂದು ಸೋಜಿಗ ನೋಡಿ. 1557ರಲ್ಲಿ ಆ ಹಳ್ಳಿ ಚರ್ಚುಗಳಿಗೇ ನೆಮ್ಮದಿ ಇರಲಿಲ್ಲ. ಎಂಟನೆಯ ಹೆನ್ರಿ ರೋಮಿನ ನಂಟು ಕಡಿದ, ಆರನೆಯ ಎಡ್ವರ್ಡನ ಕಾಲದಲ್ಲಿ ಗೋಡೆಯ ಸಂತರ ಚಿತ್ರಗಳಿಗೆ ಸುಣ್ಣ ಬಳಿದರು, ರಾಣಿ ಮೇರಿ ಹಳೆಯ ಪೂಜೆಯನ್ನು ಮರಳಿ ತಂದಳು, 1558ರಲ್ಲಿ ಪಟ್ಟವೇರಿದ ಎಲಿಜಬೆತ್ ಅದನ್ನೂ ತಿರುವಿ ಹಾಕಿದಳು.

ಮತ್ತೆ ಮುದಗಲ್ಲಿಗೆ ಬರೋಣ. ಪಾದ್ರಿಗಳು ಬರುವ ಮೊದಲೇ ಪೋರ್ಚುಗೀಸರಿಗೆ ಕೃಷ್ಣಾ–ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಹೊಸದಾಗಿರಲಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೊವಾವೊ ದೆ ಫಿಗೇರೆದೊ ಎಂಬ ಪೋರ್ಚುಗೀಸ ತನ್ನ ಕೋವಿಕಾರರೊಂದಿಗೆ ರಾಯನ ಪರವಾಗಿ ನಿಂತಿದ್ದ. ಮೊದಲು ಕೋವಿ ಬಂತು. ಮೂವತ್ತೇಳು ವರ್ಷದ ಮೇಲೆ ಶಿಲುಬೆ ಬಂತು. ಕೋವಿ ಹಿಡಿದು ಬಂದವರು ಹೊರಟುಹೋದರು, ಶಿಲುಬೆ ಇಲ್ಲೇ ಉಳಿಯಿತು.

ಉಳಿದದ್ದು ಹೇಗೆ ಎಂದು ಕೇಳುವವರು ಮುದಗಲ್ಲಿನ ಮೊಹರಂ ನೋಡಬೇಕು. ಹುಸೇನಿ ಆಲಂ ದರ್ಶನಕ್ಕೆ ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ಹಿಂದೂ–ಮುಸ್ಲಿಮರಿಬ್ಬರೂ ಮೊಹರಂನಲ್ಲಿ ಕೂರಿಸುವ ಅಲಾಯಿ ದೇವರಿಗೆ ಹರಕೆ ಹೊರುತ್ತಾರೆ. ಕರ್ಬಲಾದ ದುಃಖವನ್ನು ಈ ಸೀಮೆಯವರು ಕನ್ನಡದ ರಿವಾಯತ್ ಪದಗಳಲ್ಲಿ ಹಾಡಿಕೊಳ್ಳುತ್ತಾರೆ. ಪರದೇಶದ ಸಂಕಟವನ್ನು ತನ್ನದೇ ಮಾತಿನಲ್ಲಿ ಅಳಬಲ್ಲ ನೆಲಕ್ಕೆ ಹೊರಗಿನಿಂದ ಬಂದ ದೇವರು ಹೊರಗಿನವನಾಗಿ ಬಹಳ ದಿನ ಉಳಿಯುವುದಿಲ್ಲ. ರಾಜರು ಹೊಡೆದಾಡಿದ್ದು ಕೋಟೆಗಾಗಿ. ಜನ ತಮ್ಮ ತಮ್ಮ ದೇವರುಗಳ ಜೊತೆ ಅದೇ ಕೋಟೆಯ ನೆರಳಲ್ಲಿ ಬದುಕು ನಡೆಸಿದರು.

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರದಂಥ ವೈಭವ ಹುಡುಕಿಕೊಂಡು ಯಾರೂ ಇಲ್ಲಿಗೆ ಬರಬೇಕಾಗಿಲ್ಲ. ಈ ಚರ್ಚಿನ ದೊಡ್ಡಸ್ತಿಕೆ ಇರುವುದು ಅದರ ವಯಸ್ಸಿನಲ್ಲಿ, ಅದು ನಿಂತ ಜಾಗದಲ್ಲಿ. ಮಸ್ಕಿಗೆ ಬಂದವರು ಅಶೋಕನ ಅಕ್ಷರ ನೋಡಿದ ಮೇಲೆ ಮುದಗಲ್ಲಿಗಾಗಿ ಒಂದು ಹಗಲು ಎತ್ತಿಡಿ. ಕೋಟೆ ಹತ್ತಿ ಇಳಿದು ಬಸ್ಸು ಹಿಡಿಯಬೇಡಿ, ಚರ್ಚಿನ ಕಡೆಗೂ ನಡೆಯಿರಿ. ಭಾನುವಾರವಾದರೆ ಬಲಿಪೂಜೆ ಮುಗಿಯುವವರೆಗೆ ಕಾದು ಹೋಗಿ. ನಮಗೆ ಅದು ಇತಿಹಾಸ, ಅಲ್ಲಿಯ ಭಕ್ತರಿಗೆ ದೇವರ ಮನೆ.