ಗುಬ್ಬಿ ರೈಲಲ್ಲಿ ಆರೇಳು ಸಾಲು

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ರೈಲಲ್ಲಿ ಸೀಟು ಸಿಕ್ಕರೆ ಆರೇಳು ಸಾಲು ಹೆಣೆಯಬಹುದು. ಬಸ್ಸಲ್ಲಾದರೆ ಕಡ್ಡಿ ಪಕ್ಕದವರಿಗೆ ಚುಚ್ಚುತ್ತೆ.

ಬ್ಯಾಗಲ್ಲಿ ಮೂರು ಅರ್ಧಂಬರ್ಧ ಹೆಣಿಗೆಗಳಿವೆ. ಅಕ್ಕನ ಮಗಳಿಗೆಂದು ಶುರುವಾದ ಟೋಪಿ ಈಗ ಅವಳ ಗೊಂಬೆಗೆ ಸರಿಹೋಗುತ್ತೆ, ಅವಳಾಗಲೇ ಯುಕೆಜಿ! ಮಫ್ಲರ್ ಆಫೀಸಲ್ಲಿ ರಿಲೀಸ್ ಬಂದಾಗಲೆಲ್ಲ ನಿಲ್ಲುತ್ತೆ. ಒಮ್ಮೆ ಕುಣಿಗಲ್ ಕೆರೆ ಏರಿ ಮೇಲೆ ಕೂತು ಮುಂದುವರಿಸಿದ್ದೆ, ಗಾಳಿಗೆ ಉಲ್ಲನ್ ಉಂಡೆ ಉರುಳಿ... ಸಾಕು ಬಿಡಿ.

ಮೂರನೆಯದು ನನ್ನದಲ್ಲ. ಗುಬ್ಬಿ ಅಂದ್ರೆ ಎಲ್ಲರಿಗೂ 1884ರಲ್ಲಿ ಶುರುವಾದ ನಾಟಕ ಕಂಪನಿ, ವೀರಣ್ಣನವರು ನೆನಪಾಗ್ತಾರೆ. ನನಗೆ ಅಜ್ಜಿ ಮನೆ ಜಗಲಿ. ಅಲ್ಲಿ ಕೂತು ಅಜ್ಜಿ ತಾತನಿಗೆ ಬೂದು ಸ್ವೆಟರ್ ಹೆಣೀತಿದ್ರು. ಬೆನ್ನು, ಅರ್ಧ ಮುಂಭಾಗ, ಒಂದು ತೋಳು ಆಗೋಷ್ಟರಲ್ಲಿ ತಾತ ಹೋಗ್ಬಿಟ್ರು. ಆಮೇಲೆ ಅಜ್ಜಿಗೆ ಕಣ್ಣೂ ಮಂಜಾಯ್ತು.

ಮುಗಿಸೋಣ ಅಂತ ತುಮಕೂರಿನ ಅಂಗಡಿಗಳಲ್ಲಿ ಅದೇ ನೂಲು ಹುಡುಕಿದೆ. ಬೂದು ಸಿಗುತ್ತೆ, ಆದರೆ ಡೈ ಲಾಟ್ ಬೇರೆಯಾದರೆ ಪಟ್ಟೆ ಎದ್ದು ಕಾಣುತ್ತೆ. ಅಜ್ಜಿ ಬೆರಳಲ್ಲೇ ಸೀದಾ, ಉಲ್ಟಾ ಸವರಿ ನೋಡಿ ಅಂದ್ರು: "ತೋಳು ಬಿಚ್ಚಾಕು ಮಗಾ. ಮುಂಭಾಗಕ್ಕೆ ಆಗುತ್ತೆ. ತೋಳಿಲ್ಲದ್ದು ನೀನೇ ಹಾಕ್ಕೋ."

ಬಿಚ್ಚಿದ ನೂಲು ಸುಕ್ಕುಸುಕ್ಕು. ಲಡಿ ಕಟ್ಟಿ ನೆನೆಸಿದ್ವಿ. ಈಗ ಹಿತ್ತಲ ತಂತಿ ಮೇಲೆ ಒಣಗ್ತಿದೆ.