ಮೊದಲ ಮುಷ್ಟಿ

'ನಿಮ್ಮ ಚರ್ಚುಗಳಿಗೇನು ಬಿಡಿ ಗುರು, ಫಾರಿನ್ನಿಂದ ದುಡ್ಡು ಬರುತ್ತೆ.' ಆಫೀಸಿನ ಕ್ಯಾಂಟೀನಲ್ಲಿ ವರ್ಷಕ್ಕೆರಡು ಸಲವಾದರೂ ಈ ಮಾತು ಕೇಳ್ತೀನಿ. ಹೇಳೋರಲ್ಲಿ ಕೆಟ್ಟ ಉದ್ದೇಶವೇನೂ ಇರೋದಿಲ್ಲ. ಬೆಂಗಳೂರಿನ ದೊಡ್ಡ ದೊಡ್ಡ ಚರ್ಚು, ಕಾನ್ವೆಂಟು ನೋಡಿದವರಿಗೆ ಹಾಗನ್ನಿಸೋದು ಸಹಜ. ಆದರೆ ಗದಗದ ಕಡೆ ಇರುವ ನಮ್ಮೂರಿನ ಸಭೆಯಲ್ಲಿ ಇರೋದೇ ನಲವತ್ತು ಮನೆ. ಅರ್ಧಕ್ಕಿಂತ ಹೆಚ್ಚು ಜನ ಕೂಲಿಗೆ ಹೋಗೋರು. ಸಭಾಪಾಲಕರ ಸಂಬಳದ ಪಾಲು, ಕರೆಂಟ್ ಬಿಲ್ಲು, ಸುಣ್ಣಬಣ್ಣ ಎಲ್ಲವೂ ಆ ನಲವತ್ತು ಮನೆಗಳಿಂದಲೇ ಹುಟ್ಟಬೇಕು.

ಫಾರಿನ್ ದುಡ್ಡು ಬರ್ತಿದ್ದ ಕಾಲ ಒಂದಿತ್ತು, ಸುಳ್ಳಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ ಎಲ್ಲ ಕಟ್ಟಿತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಕಾರ್ಖಾನೆಗಳೂ ಮಿಷನ್ನಿನ ಕೈತಪ್ಪಿದವು. ಯೂರೋಪಿನಲ್ಲಿ ಯಾರೋ ಯಾರ ಮೇಲೋ ಯುದ್ಧಕ್ಕೆ ಹೋದರೆ ಇಲ್ಲಿಯ ಸಭೆಯ ಆಧಾರ ಅಲ್ಲಾಡುತ್ತೆ. ಹೊರಗಿನ ದುಡ್ಡಿನ ಹಣೆಬರಹವೇ ಅಷ್ಟು.

ನಮ್ಮವ್ವ ಗಿರಣಿಗೆ ಜೋಳ ಅಳೆಯುವಾಗ ಮೊದಲ ಮುಷ್ಟಿಯನ್ನು ಒಂದು ಹಳೇ ಡಬ್ಬಿಗೆ ಹಾಕ್ತಿದ್ದಳು. ಗಮನಿಸಿ, ಮೊದಲನೇ ಮುಷ್ಟಿ. ಎಲ್ಲ ಅಳೆದಾದ ಮೇಲೆ ಉಳಿದದ್ದಲ್ಲ. ತಿಂಗಳಿಗೊಮ್ಮೆ ಆ ಡಬ್ಬಿ ಗುಡಿಗೆ ಹೋಗೋದು. (ನಮ್ಮೂರಲ್ಲಿ ಚರ್ಚಿಗೂ ಗುಡಿ ಅಂತಲೇ ಅನ್ನೋದು.) ಆರಾಧನೆ ಮುಗಿದ ಮೇಲೆ ಎಲ್ಲರ ಜೋಳ ಕೂಡಿಸಿ ಹರಾಜು. ಇದು ನಮ್ಮೂರ ಹೆಂಗಸರದೇ ಐಡಿಯಾ ಅಂದ್ಕೊಂಡಿದ್ದೆ. ಆಮೇಲೆ ಟೀಮಿಗೆ ಬಂದ ಮಿಜೋರಾಮಿನ ಹುಡುಗಿಯೊಬ್ಬಳು ಅವರಲ್ಲಿ ಇದಕ್ಕೆ 'ಬುಹ್‌ಫಾಯ್ ಥಾಮ್' ಅಂತಾರೆ ಅಂದಳು. ಹಿಡಿ ಅಕ್ಕಿ ಅಂತ ಅರ್ಥವಂತೆ. ಪ್ರತಿ ಅಡುಗೆಗೂ ಎಸರಿಗೆ ಅಕ್ಕಿ ಹಾಕೋ ಮುಂಚೆ ಒಂದು ಹಿಡಿ ತೆಗೆದಿಡೋದು. ಹೆಂಗಸರೇ ಮನೆಮನೆಗೆ ಹೋಗಿ ಕೂಡಿಸಿ, ಮಾರಿ, ಸಭೆಗೆ ಕೊಡೋದು. ಇಪ್ಪತ್ತನೇ ಶತಮಾನದ ಶುರುವಿನಿಂದ ಇದು ನಡೆದುಬಂದಿದೆ. ದಾನ ಅಂದ್ರೆ ಮಿಕ್ಕಿದ್ದನ್ನು ಕೊಡೋದು ಅಂತ ತಿಳಿದವರಿಗೆ ಈ ಲೆಕ್ಕ ಬೇಗ ತಲೆಗೆ ಹತ್ತೋದಿಲ್ಲ.

ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 16ನೇ ಅಧ್ಯಾಯದಲ್ಲಿ ಪೌಲನೂ ಇದನ್ನೇ ಹೇಳ್ತಾನೆ: ವಾರದ ಮೊದಲನೇ ದಿನ, ಅವರವರ ವರಮಾನಕ್ಕೆ ತಕ್ಕಂತೆ ತೆಗೆದಿಡಿ, ನಾನು ಬಂದಾಗ ವಸೂಲಿ ಬೇಡ. ನನ್ನದು ಸಂಬಳ ಬಿದ್ದ ಮಾರನೇ ದಿನ ಬ್ಯಾಂಕಿನ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಮೇಲೆ ಹೋಗುತ್ತೆ, ಮನೆ ಸಾಲದ ಇಎಂಐಗಿಂತ ಮೂರು ದಿನ ಮುಂಚೆ. 80ಜಿ ರಸೀದಿ ಸಿಗೋದಿಲ್ಲ. ದಶಮಾಂಶ ಲೆಕ್ಕ ಹಾಕಬೇಕಾದ್ದು ಸಿಟಿಸಿ ಮೇಲೋ, ಕೈಗೆ ಬರೋದರ ಮೇಲೋ ಅಂತ ಜಗಳ ಆಡೋ ಗೆಳೆಯರಿದ್ದಾರೆ. ಮೋಶೆಯ ಕಾಲದಲ್ಲಿ ಹತ್ತನೇ ಒಂದು ಪಾಲು ಅಂದರೆ ಧಾನ್ಯ, ದ್ರಾಕ್ಷಾರಸ, ಎಣ್ಣೆ, ದನಕುರಿ. ಪಿಎಫ್ ಕಡಿತ ಅಂತ ಅವರಿಗೆ ಇರಲಿಲ್ಲ, ಪುಣ್ಯವಂತರು.

ಈಗ ಅಸಲು ವಿಷಯ. ಹೋದ ಮಳೆಗಾಲದಲ್ಲಿ ನಮ್ಮೂರ ಗುಡಿಯ ಮಾಡು ಸೋರಿತು. ತೊಲೆ ಸಮೇತ ಬದಲಿಸೋಕೆ ಆರು ಲಕ್ಷ ಅಂದರು ಮೇಸ್ತ್ರಿ. ಬೆಂಗಳೂರು, ಪುಣೆಯಲ್ಲಿರೋ ನಾವು ಐದು ಜನ ವಾಟ್ಸಾಪಿನಲ್ಲಿ ಅರ್ಧ ಗಂಟೆಯಲ್ಲಿ ತೀರ್ಮಾನ ಮಾಡಿದೆವು: ಎರಡು ಕಂತಿನಲ್ಲಿ ನಾವೇ ಕಟ್ಟಿಬಿಡೋಣ. ಸಭೆಯ ಖಜಾಂಚಿ ರಿಟೈರ್ಡ್ ಮಾಸ್ತರು. ಅವರು ಫೋನ್ ಮಾಡಿ, 'ತಮ್ಮಾ, ಅರ್ಧಾ ನೀವು ಕೊಡ್ರಿ. ಉಳಿದಿದ್ದು ಊರಾಗ ಏಳಲಿ' ಅಂದರು. ಯಾಕ್ರೀ ಸರ್ ಅಂದರೆ ಚಂದಾ ಪುಸ್ತಕ ತೆಗೆದು ಓದತೊಡಗಿದರು. ಅದರಲ್ಲೊಬ್ಬಳು ಗಂಡ ಸತ್ತ ಹೆಣ್ಮಗಳು, ಉಳ್ಳಾಗಡ್ಡಿ ಹೊಲಕ್ಕೆ ಕೂಲಿಗೆ ಹೋಗೋಳು. ತಿಂಗಳಿಗೆ ಮೂವತ್ತು ರೂಪಾಯಿ, ಹನ್ನೊಂದು ವರ್ಷದಿಂದ ಒಂದು ತಿಂಗಳೂ ತಪ್ಪಿಲ್ಲ. 'ನೀವು ಪೂರಾ ಕಟ್ಟಿಬಿಟ್ರ, ಈಕಿ ಮೂವತ್ತು ರೂಪಾಯಿ ಯಾತಕ್ಕ ಬೇಕು ಹೇಳು? ನಾಳೆ ವಾರ್ಷಿಕ ಸಭಾದಾಗ ಈಕಿ ಎದ್ದು ನಿಂತು ಲೆಕ್ಕಾ ಕೇಳ್ತಾಳೇನು?'

ನಮ್ಮ ಗುಂಪಿನ ಇಬ್ಬರಿಗೆ ಸಿಟ್ಟು ಬಂತು. ಮಳೆ ಇವರ ಚಂದಾಗೆ ಕಾಯುತ್ತಾ ಅಂದರು. ಅವರ ಮಾತಲ್ಲೂ ಹುರುಳಿದೆ; ನೆನೆದ ತೊಲೆಗೆ ತತ್ವ ಗೊತ್ತಾಗೋದಿಲ್ಲ. ಆದರೂ ನಾನು ಮಾಸ್ತರ ಪಕ್ಷ. ಪೂರ್ತಿ ಬಿಲ್ಲು ಕಟ್ಟಿದವನ ಎದುರು ಯಾರೂ ಲೆಕ್ಕ ಕೇಳೋದಿಲ್ಲ ಅನ್ನೋದನ್ನ ಬೇರೆ ಕಡೆ ಸಾಕಷ್ಟು ನೋಡಿದೀನಿ. ಅಲ್ಲಿ ಹೆಸರು ಕಲ್ಲಿನ ಮೇಲೆ ಬರುತ್ತೆ, ಆಮೇಲೆ ಮುಂದಿನ ಸಾಲಿನ ಕುರ್ಚಿ, ಆಮೇಲೆ ಕಮಿಟಿ.

ನಮ್ಮ ಮೂರು ಲಕ್ಷ ಹೋಗಿ ಏಳು ತಿಂಗಳಾಯ್ತು. ನಲವತ್ತರಲ್ಲಿ ಮೂವತ್ತೊಂದು ಮನೆ ಕಟ್ಟುತ್ತಿವೆ, ಕೆಲವರು ಶೇಂಗಾ ರೂಪದಲ್ಲಿ. ಇನ್ನೂ ಎಪ್ಪತ್ತು ಸಾವಿರ ಬಾಕಿ. ಈ ಮಳೆಗಾಲವೂ ಗುಡಿಯ ಬಡಗಣ ಬದಿಗೆ ತಾಡಪತ್ರಿಯೇ ಗತಿ, ಆ ಬದಿಯ ಬೆಂಚುಗಳನ್ನ ಒಳಗೆ ಸರಿಸಿದ್ದಾರಂತೆ.